ಚಾಲೂ ಆಗಿ ಬಂದ್ ಬೀಳುವ ಬ್ರಷ್ ಕಟರ್: ದೋಷ ಹಿಡಿಯುವುದು ಹೇಗೆ

ಮಳೆ ಬಿದ್ದು ಎರಡು ವಾರ ಕಳೆದರೆ ಸಾಕು, ಜಮಖಂಡಿ, ಮುಧೋಳ ಕಡೆ ಕಬ್ಬಿನ ಹೊಲದ ಒಡ್ಡುಗಳ ಮೇಲೆ ಕಸ ಮೊಣಕಾಲಿಗೆ ಬರುತ್ತದೆ. ಆಗ ಮನೆ ಮೂಲೆಯಲ್ಲಿದ್ದ, ಕಸ ಕತ್ತರಿಸುವ ಬ್ರಷ್ ಕಟರ್ ಹೊರಗೆ ಬರುತ್ತದೆ. ಅದರ ಜೊತೆಗೇ ಒಂದು ದೂರು ಊರೂರಲ್ಲಿ ಕೇಳಿಸುತ್ತದೆ: "ಚಾಲೂ ಆಕ್ಕೈತಿ ಕಾಕಾ, ಆದ್ರ ನಡಿಯಂಗಿಲ್ಲ. ರೇಸ್ ಕೊಟ್ರ ಬಂದ್ ಬೀಳ್ತೈತಿ."

ಈ ದೂರು ಬಂದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ. ಮೊದಲು ಕಿಡಿ ಕೊಡುವ ಪ್ಲಗ್ ಬದಲಿಸುತ್ತಾರೆ. ಆಮೇಲೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಸ್ಕ್ರೂ ತಿರುಗಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಹೊಸ ಕಾರ್ಬೊರೇಟರ್ ತರುತ್ತಾರೆ. ಅಷ್ಟರಲ್ಲಿ ಎರಡು ದಿನದ ಕೆಲಸ ಹೋಗಿರುತ್ತದೆ, ಆಳಿನ ಕೂಲಿ ಹೋಗಿರುತ್ತದೆ. ಎಷ್ಟೋ ಸಲ ದೋಷ ಇರುವುದು ಟ್ಯಾಂಕಿನ ಮುಚ್ಚಳದಲ್ಲಿ.

ನಾನು ಹೇಳುವುದು ಇಷ್ಟೇ. ಮಷೀನು ಯಾವಾಗ ಮತ್ತು ಹೇಗೆ ನಿಲ್ಲುತ್ತದೆ ಅಂತ ಸರಿಯಾಗಿ ನೋಡಿದರೆ ದೋಷ ಎಲ್ಲಿದೆ ಅನ್ನುವುದು ಅರ್ಧ ಗೊತ್ತಾಗುತ್ತದೆ. ಪಾನಾ ಹಿಡಿಯುವುದು ಅದಾದ ಮೇಲೆ. ಈ ಬರಹ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕುವ ಟೂ ಸ್ಟ್ರೋಕ್ ಮಷೀನುಗಳಿಗೆ ಮಾತ್ರ. ನಮ್ಮ ಕಡೆ ಹೆಚ್ಚು ಕಾಣುವ 43 ಸಿಸಿ, 52 ಸಿಸಿ ಎಂಜಿನ್‌ಗಳು ಈ ಗುಂಪಿನವೇ. ಹಗ್ಗ ಎಷ್ಟು ಎಳೆದರೂ ಚಾಲೂನೇ ಆಗದ ಮಷೀನಿನ ವಿಷಯ ಬೇರೆ. ಚಾಲೂ ಆಗುತ್ತದೆ ಅಂದರೆ ಕಿಡಿ ಇದೆ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಸ್ವಲ್ಪವಾದರೂ ಇದೆ, ಪೆಟ್ರೋಲ್ ಒಂದು ಗುಟುಕಾದರೂ ಬಂದಿದೆ. ಬಂದದ್ದು ಮುಂದುವರಿಯುತ್ತಿಲ್ಲ ಯಾಕೆ ಅನ್ನುವುದಷ್ಟೇ ಈಗಿನ ಪ್ರಶ್ನೆ.

ಮೊದಲು ಕಿವಿ ಕೊಡಿ

ಮಷೀನನ್ನು ನೆಲದ ಮೇಲಿಟ್ಟು ಚಾಲೂ ಮಾಡಿ, ಅದು ತಾನಾಗಿ ನಿಲ್ಲುವ ತನಕ ಕಾಯಿರಿ. ನಿಲ್ಲುವಾಗ ಸದ್ದು ಹೇಗೆ ಬದಲಾಗುತ್ತದೆ ಅಂತ ಕೇಳಿ.

ಸ್ವಿಚ್ ಒತ್ತಿದ ಹಾಗೆ ಒಮ್ಮೆಗೇ ಬಂದ್ ಬಿದ್ದರೆ ಅದು ಕರೆಂಟಿನ ದೋಷ. ಪ್ಲಗ್, ಅದಕ್ಕೆ ಕರೆಂಟ್ ಕೊಡುವ ಕಾಯಿಲ್, ವೈರ್, ಸ್ವಿಚ್ ಇವುಗಳ ಪೈಕಿ ಒಂದು.

ಸದ್ದು ಸ್ವಲ್ಪ ಏರಿ, ತೆಳ್ಳಗೆ ಕೂಗಿದ ಹಾಗೆ ಆಗಿ, ಆಮೇಲೆ ಸೋತು ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಅಥವಾ ಎಲ್ಲಿಂದಲೋ ಜಾಸ್ತಿ ಗಾಳಿ ಒಳಗೆ ಹೋಗುತ್ತಿದೆ.

ಗುಡುಗುಡು ಅಂತ ಭಾರವಾಗಿ ಓಡಿ, ಹೊಗೆ ಬಿಟ್ಟು, ಉಸಿರುಗಟ್ಟಿ ನಿಂತರೆ ಪೆಟ್ರೋಲ್ ಹೆಚ್ಚಾಗಿದೆ. ಇಲ್ಲವೇ ಗಾಳಿ ಬರುವ ದಾರಿಯೋ ಹೊಗೆ ಹೋಗುವ ದಾರಿಯೋ ಕಟ್ಟಿದೆ.

ನಾಲ್ಕನೆಯದೂ ಒಂದಿದೆ. ಓಡುತ್ತಾ ಓಡುತ್ತಾ ಬಿಗಿಯಾಗಿ, ಯಾರೋ ಹಿಡಿದು ನಿಲ್ಲಿಸಿದ ಹಾಗೆ ನಿಂತು, ಹಗ್ಗ ಎಳೆದರೆ ಗಟ್ಟಿಯಾಗಿದ್ದರೆ ಅಲ್ಲಿಗೇ ಬಿಡಿ. ಪಿಸ್ಟನ್ ಹಿಡಿಯಲು, ಅಂದರೆ ಸಿಲಿಂಡರಿಗೆ ಕಚ್ಚಿಕೊಳ್ಳಲು ಶುರುವಾಗಿದೆ. ಆರಿದ ಮೇಲೆ ಮತ್ತೆ ಚಾಲೂ ಆಗಬಹುದು, ಆದರೆ ಮಾಡಬೇಡಿ. ಏನು ನೋಡಬೇಕು ಅಂತ ಕೆಳಗೆ ಸೈಲೆನ್ಸರ್ ಭಾಗದಲ್ಲಿ ಹೇಳಿದ್ದೇನೆ.

ನಿಂತ ತಕ್ಷಣ ಪ್ಲಗ್ ಬಿಚ್ಚಿ ನೋಡುವುದು ಎರಡನೇ ಹೆಜ್ಜೆ. ಬಿಸಿ ಇರುತ್ತದೆ, ಬಟ್ಟೆ ಹಿಡಿದು ಬಿಚ್ಚಿ. ತುದಿ ಒಣಗಿ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಕಪ್ಪಗೆ, ಹಸಿಯಾಗಿ, ಆಯಿಲ್ ಅಂಟಿದ್ದರೆ ಪೆಟ್ರೋಲ್ ಬರುತ್ತಿದೆ, ಆದರೆ ಉರಿಯುತ್ತಿಲ್ಲ. ತಿಳಿ ಕಂದು ಬಣ್ಣ ಇದ್ದರೆ ಒಳಗೆ ಎಲ್ಲ ಸರಿಯಾಗಿ ಉರಿಯುತ್ತಿದೆ ಅಂತ ಅರ್ಥ, ದೋಷವನ್ನು ಬೇರೆ ಕಡೆ ಹುಡುಕಬೇಕು. ಪ್ಲಗ್ ಗ್ಯಾಪ್ 0.6 ಮಿ.ಮೀ. ಆಸುಪಾಸಿನಲ್ಲಿರಲಿ.

ಒಂದು ಮಾತು. ಬಿಸಿ ಸೈಲೆನ್ಸರ್ ಹತ್ತಿರ ಪೆಟ್ರೋಲ್ ಚೆಲ್ಲಬೇಡಿ. ಕಿಡಿ ನೋಡುವಾಗ ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತಿರುತ್ತದೆ, ಮುಖ ಅಲ್ಲಿ ಇಡಬೇಡಿ. ಕಸ ಕತ್ತರಿಸುವ ನೈಲಾನ್ ದಾರ ಅಥವಾ ಬ್ಲೇಡ್ ತಿರುಗುವಾಗ 15 ಮೀಟರ್ ಒಳಗೆ ಯಾರೂ ಇರಬಾರದು, ಮಕ್ಕಳಂತೂ ಬೇಡವೇ ಬೇಡ.

ಪೆಟ್ರೋಲ್: ಇಲ್ಲಿಂದಲೇ ಶುರು ಮಾಡಿ

ಹಂಗಾಮು ಮುಗಿದ ಮೇಲೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಹಾಗೇ ಬಿಟ್ಟು ಮಷೀನು ಮೂಲೆಗಿಟ್ಟಿದ್ದರೆ ಮುಂದಿನದನ್ನು ಓದುವ ಮೊದಲು ಅದನ್ನು ಚೆಲ್ಲಿಬಿಡಿ. ಹೊಲದಲ್ಲಲ್ಲ, ಒಂದು ಡಬ್ಬಿಗೆ.

ಈಗ ಪಂಪಿನಲ್ಲಿ ಸಿಗುವ ಸಾದಾ ಪೆಟ್ರೋಲಿನಲ್ಲಿ ಶೇಕಡಾ 20ರ ತನಕ ಎಥನಾಲ್ ಇರುತ್ತದೆ. ಕಬ್ಬಿನಿಂದ, ಧಾನ್ಯದಿಂದ ಮಾಡುವ ಈ ಎಥನಾಲ್ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲೂ ತಯಾರಾಗುತ್ತದೆ. ಕಬ್ಬು ಬೆಳೆಯುವವರಿಗೆ ಅದರಿಂದ ಅನುಕೂಲ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಪುಟ್ಟ ಎಂಜಿನ್ನಿಗೆ ಅದರಿಂದ ಎರಡು ತೊಂದರೆ ಇವೆ, ಅವನ್ನು ತಿಳಿದುಕೊಳ್ಳಲೇಬೇಕು.

ಮೊದಲನೆಯದು, ಎಥನಾಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮುಚ್ಚಳ ಸರಿಯಾಗಿಲ್ಲದ ಕ್ಯಾನಿನಲ್ಲಿ ಇಟ್ಟರೆ ಇನ್ನೂ ಬೇಗ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ನೀವು ಬೆರೆಸಿದ ಟೂ ಟಿ (ಟೂ ಸ್ಟ್ರೋಕ್) ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಇರುವುದು ತಳದಲ್ಲಿ, ಅಲ್ವಾ? ಹಾಗಾಗಿ ಎಂಜಿನ್ನಿಗೆ ಮೊದಲು ಹೋಗುವುದು ಆಯಿಲ್ ಇಲ್ಲದ ಆ ನೀರು. ಮಷೀನು ಎರಡು ನಿಮಿಷ ಓಡಿ ನಿಲ್ಲುತ್ತದೆ. ಒತ್ತಾಯ ಮಾಡಿ ಓಡಿಸಿದರೆ ಪಿಸ್ಟನ್ ಹಿಡಿಯುತ್ತದೆ.

ಪರೀಕ್ಷೆ ಸುಲಭ. ಟ್ಯಾಂಕಿನಲ್ಲಿದ್ದುದನ್ನು ಬಿಳಿ ಗಾಜಿನ ಬಾಟಲಿಗೆ ಸುರಿದು ಹತ್ತು ನಿಮಿಷ ಅಲ್ಲಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ, ಅಥವಾ ಎಲ್ಲವೂ ಮಂಜುಮಂಜಾಗಿದ್ದರೆ ಆ ಪೆಟ್ರೋಲ್ ಬೇಡ. ವಾಸನೆಯೂ ಹೇಳುತ್ತದೆ. ಹಳೇ ಪೆಟ್ರೋಲಿಗೆ ಬಣ್ಣದ ಡಬ್ಬಿಯ ಹಾಗೆ ಹುಳಿ ವಾಸನೆ ಬರುತ್ತದೆ.

ಎರಡನೆಯದು ರಬ್ಬರಿನ ವಿಷಯ. ಹಳೇ ಮಷೀನುಗಳ ರಬ್ಬರ್ ಪೈಪು, ಡಯಾಫ್ರಾಮ್ ಎಥನಾಲ್‌ಗೆ ತಕ್ಕ ಹಾಗೆ ಮಾಡಿದ್ದಲ್ಲ. ಕೆಲವು ಉಬ್ಬುತ್ತವೆ, ಒಣಗಿದ ಮೇಲೆ ಸೆಡೆತು ಬಿರುಕು ಬಿಡುತ್ತವೆ. ಪೈಪನ್ನು ಬಗ್ಗಿಸಿ ನೋಡಿ. ಕಡ್ಡಿಯಂತೆ ಗಟ್ಟಿ ಅನಿಸಿದರೆ ಬದಲಿಸಿ, ಯೋಚನೆ ಬೇಡ.

ಆಯಿಲ್ ಅಳತೆ ಬಗ್ಗೆ ಊರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಹಳೇ ಟೂ ಸ್ಟ್ರೋಕ್ ಸ್ಕೂಟರಿನ ಅಂದಾಜಿನಲ್ಲಿ ಕೈಯಳತೆ ಹಾಕುವವರೂ ಇದ್ದಾರೆ. ಅದು ಬೇಡ. ಮಷೀನಿನ ಪುಸ್ತಕದಲ್ಲೋ ಟ್ಯಾಂಕಿನ ಮೇಲೋ ಅಳತೆ ಬರೆದಿರುತ್ತದೆ, ಅದನ್ನೇ ಹಿಡಿಯಿರಿ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ. 40ಕ್ಕೆ 1 ಅಂದರೆ 25 ಮಿಲಿ. 25ಕ್ಕೆ 1 ಅಂದರೆ 40 ಮಿಲಿ. ಅಳೆಯಲು ಔಷಧಿ ಅಂಗಡಿಯ ಸಿರಿಂಜ್ ಸಾಕು. "ಆಯಿಲ್ ಜಾಸ್ತಿ ಹಾಕಿದ್ರ ಎಂಜಿನ್ನಿಗಿ ಚಲೋ" ಅನ್ನುವ ಮಾತು ಕೇಳಬೇಡಿ. ಜಾಸ್ತಿ ಆಯಿಲ್ ಹಾಕಿದರೆ ಪ್ಲಗ್ ಕಟ್ಟುತ್ತದೆ, ಸೈಲೆನ್ಸರಿನಲ್ಲಿ ಕಾರ್ಬನ್ ಕೂರುತ್ತದೆ. ಆಮೇಲೆ ಇದೇ ಬಂದ್ ಬೀಳುವ ರೋಗ. ಕಡಿಮೆ ಹಾಕಿದರೆ ಎಂಜಿನ್ನೇ ಹೋಗುತ್ತದೆ. ಡಬ್ಬಿಯ ಮೇಲೆ ಗುಣಮಟ್ಟದ ಗುರುತಾಗಿ ಜಾಸೋ ಎಫ್‌ಡಿ ಅಂತ ಬರೆದಿರುವ ಟೂ ಟಿ ಆಯಿಲ್ ಸಿಕ್ಕರೆ ಅದನ್ನೇ ತನ್ನಿ, ಹೊಗೆಯೂ ಕಾರ್ಬನ್ನೂ ಕಡಿಮೆ. ಮೋಟಾರ್ ಸೈಕಲ್ಲಿನ ಫೋರ್ ಸ್ಟ್ರೋಕ್ ಆಯಿಲನ್ನು ಯಾವತ್ತೂ ಬೆರೆಸಬೇಡಿ.

ಒಂದು ತಿಂಗಳಿಗೆ ಸಾಕಾಗುವಷ್ಟು ಮಾತ್ರ ಬೆರೆಸಿಡಿ. ಹಂಗಾಮು ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಮಷೀನು ತಾನಾಗಿ ನಿಲ್ಲುವ ತನಕ ಓಡಿಸಿ ಇಡಿ. ಕಾರ್ಬೊರೇಟರಿನೊಳಗೆ ಪೆಟ್ರೋಲ್ ಒಣಗಿ ಅಂಟಾಗುವುದು ಇದರಿಂದ ತಪ್ಪುತ್ತದೆ.

ಐದು ನಿಮಿಷ ಓಡಿ ನಿಂತರೆ ಮುಚ್ಚಳ ನೋಡಿ

ಇದು ಯಾರೂ ನೋಡದ ಜಾಗ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೇ ಗಾಳಿ ಒಳಗೆ ಬರಬೇಕು. ಅದಕ್ಕೆ ಮುಚ್ಚಳದಲ್ಲಿ, ಕೆಲವು ಮಷೀನುಗಳಲ್ಲಿ ಟ್ಯಾಂಕಿಗೆ ಹಾಕಿದ ಸಣ್ಣ ಪೈಪಿನಲ್ಲಿ, ಒಂದು ಚಿಕ್ಕ ತೂತು ಮತ್ತು ರಬ್ಬರಿನ ವಾಲ್ವ್ ಇರುತ್ತದೆ. ನಮ್ಮ ಎರೆಮಣ್ಣಿನ ಧೂಳು ಆಯಿಲ್ ಜೊತೆ ಸೇರಿದರೆ ಆ ತೂತು ಮುಚ್ಚಲು ಹೊತ್ತು ಬೇಕಿಲ್ಲ. ಗಾಳಿ ಒಳಗೆ ಬರದಿದ್ದರೆ ಪೆಟ್ರೋಲ್ ಎಳೆಯುವುದು ಕಷ್ಟವಾಗುತ್ತಾ ಹೋಗಿ ಮಷೀನು ಸೋತು ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ನಿಧಾನಕ್ಕೆ ಒಳಗೆ ಸೇರಿ ಮತ್ತೆ ಚಾಲೂ ಆಗುತ್ತದೆ. ಮತ್ತೆ ಐದು ನಿಮಿಷ. ಜನ ಇದನ್ನು "ಬಿಸಿಯಾಗಿ ನಿಲ್ತೈತಿ" ಅಂದುಕೊಂಡು ಕಾಯಿಲ್ ಬದಲಿಸುತ್ತಾರೆ.

ಪರೀಕ್ಷೆ: ಮಷೀನು ನಿಂತ ತಕ್ಷಣ ಮುಚ್ಚಳ ಸಡಿಲಿಸಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡರೆ, ಆಮೇಲೆ ಹಗ್ಗ ಎಳೆದ ಕೂಡಲೇ ಚಾಲೂ ಆದರೆ, ಕಳ್ಳ ಸಿಕ್ಕಿದ. ಮುಚ್ಚಳವನ್ನು ಪೆಟ್ರೋಲಿನಲ್ಲಿ ತೊಳೆದು, ತೂತನ್ನು ಊದಿ ಬಿಡಿಸಿ. ರಬ್ಬರ್ ವಾಲ್ವ್ ಅಂಟಿಕೊಂಡಿದ್ದರೆ ಮುಚ್ಚಳವನ್ನೇ ಬದಲಿಸಿ. ಸೂಜಿಯಿಂದ ದೊಡ್ಡ ತೂತು ಮಾಡಬೇಡಿ. ಮಷೀನು ಓರೆಯಾದಾಗ ಪೆಟ್ರೋಲ್ ಅಲ್ಲಿಂದ ಸೋರಿ ಬಿಸಿ ಸೈಲೆನ್ಸರ್ ಮೇಲೆ ಬೀಳುತ್ತದೆ.

ಫಿಲ್ಟರ್ ಮತ್ತು ಪೈಪು

ಬಗ್ಗಿಸಿದ ತಂತಿಯ ಕೊಕ್ಕೆಯಿಂದ ಟ್ಯಾಂಕಿನ ಒಳಗಿನ ಫಿಲ್ಟರನ್ನು ಹೊರಗೆ ಎಳೆಯಿರಿ. ಅದನ್ನು ತೆಗೆದು ಪೈಪಿನ ಕಡೆಯಿಂದ ಊದಿ. ಸುಲಭವಾಗಿ ಗಾಳಿ ಹೋಗಬೇಕು. ಹೊರಗಿನಿಂದ ಸ್ವಚ್ಛ ಕಂಡರೂ ಒಳಗೆ ಕಟ್ಟಿರುವ ಫಿಲ್ಟರುಗಳು ಬಹಳ. ಬೆಲೆ ಕಡಿಮೆ, ಅನುಮಾನ ಬಂದರೆ ಹೊಸದು ಹಾಕಿ. ಫಿಲ್ಟರ್ ಇಲ್ಲದೆ ಮಾತ್ರ ಓಡಿಸಬೇಡಿ.

ಪೈಪು ಬಿರುಕು ಬಿಡುವುದು ಹೆಚ್ಚಾಗಿ ಟ್ಯಾಂಕಿನ ಗೋಡೆ ದಾಟುವ ಜಾಗದಲ್ಲಿ, ರಬ್ಬರ್ ಬುಷ್ ಒಳಗೆ. ಹೊರಗಿನಿಂದ ಕಾಣುವುದಿಲ್ಲ. ಒತ್ತುವ ಪ್ರೈಮರ್ ಬಲ್ಬ್ ಇದ್ದರೆ ಅದನ್ನು ಏಳೆಂಟು ಸಲ ಒತ್ತಿ. ಗುಳ್ಳೆ ನಿಂತು ಪೂರ್ತಿ ಪೆಟ್ರೋಲ್ ತುಂಬಬೇಕು. ಎಷ್ಟು ಒತ್ತಿದರೂ ಗುಳ್ಳೆ ಬರುತ್ತಲೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಮಷೀನನ್ನು ಒಂದು ಕಡೆ ಓರೆ ಮಾಡಿದಾಗ ಮಾತ್ರ ನಿಲ್ಲುತ್ತಿದ್ದರೂ ಇಲ್ಲೇ ನೋಡಿ. ಪೈಪು ಗಿಡ್ಡವಾಗಿ ಫಿಲ್ಟರ್ ತಳ ಮುಟ್ಟದಿದ್ದರೆ ಒಡ್ಡಿನ ಇಳಿಜಾರಿನಲ್ಲಿ ಕತ್ತರಿಸುವಾಗ ಹೀಗಾಗುತ್ತದೆ.

ಯಾರಾದರೂ ಈಗಾಗಲೇ ಬಿಚ್ಚಿ ಹಾಕಿದ ಮಷೀನಾದರೆ ಎರಡು ಪೈಪು ಅದಲುಬದಲಾಗಿವೆಯೇ ನೋಡಿ. ಫಿಲ್ಟರ್ ಇರುವ ಪೈಪು ಕಾರ್ಬೊರೇಟರಿಗೆ ಹೋಗಬೇಕು. ಬಲ್ಬಿನಿಂದ ಹೊರಡುವ ವಾಪಸ್ ಪೈಪು ಟ್ಯಾಂಕಿಗೆ ಬರಬೇಕು. ತಿರುಗುಮುರುಗಾದರೆ ಬಲ್ಬ್ ಒತ್ತಿದಾಗ ಟ್ಯಾಂಕಿನೊಳಗೆ ಗುಳ್ಳೆ ಏಳುತ್ತದೆ, ಪೆಟ್ರೋಲ್ ಮೇಲೆ ಬರುವುದಿಲ್ಲ.

ಚೋಕ್ ಹಾಕಿದರೆ ಓಡುತ್ತದೆ, ತೆಗೆದರೆ ಬಂದ್

ಅತಿ ಹೆಚ್ಚು ಬರುವ ದೂರು ಇದು. ಚೋಕ್ ಹಾಕಿದಾಗ ಗಾಳಿ ಕಡಿಮೆಯಾಗಿ ಪೆಟ್ರೋಲ್ ಎಳೆತ ಜೋರಾಗುತ್ತದೆ. ಆ ಬಲವಂತದ ಎಳೆತದಲ್ಲಿ ಮಾತ್ರ ಓಡುತ್ತದೆ ಅಂದರೆ ಸಹಜವಾಗಿ ಬರಬೇಕಾದಷ್ಟು ಪೆಟ್ರೋಲ್ ಬರುತ್ತಿಲ್ಲ. ಫಿಲ್ಟರು, ಪೈಪು, ಮುಚ್ಚಳ ಸರಿ ಇವೆ ಅಂತ ಖಾತ್ರಿಯಾದ ಮೇಲೆ ಉಳಿದದ್ದು ಎರಡು: ಕಾರ್ಬೊರೇಟರ್, ಇಲ್ಲವೇ ಅದರ ಹಿಂದೆ ಜಾಯಿಂಟಿನಲ್ಲಿ ಗಾಳಿ ತಡೆಯುವ ಪ್ಯಾಕಿಂಗ್.

ಇದರ ಕಾರ್ಬೊರೇಟರ್ ಬೈಕಿನದರ ಹಾಗಲ್ಲ. ಹೆಚ್ಚಿನವುಗಳಲ್ಲಿ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಇರುವುದಿಲ್ಲ, ಯಾಕೆಂದರೆ ಮಷೀನನ್ನು ಯಾವ ಕಡೆ ಬೇಕಾದರೂ ಓರೆ ಮಾಡುತ್ತೇವೆ. ಅದರ ಬದಲು ಎರಡು ತೆಳು ಪೊರೆಗಳಿವೆ. ಒಂದು ಪಂಪ್ ಡಯಾಫ್ರಾಮ್. ಎಂಜಿನ್ನಿನ ಕ್ರ್ಯಾಂಕ್ ಕೇಸಿನಲ್ಲಿ (ಪಿಸ್ಟನ್ ಕೆಳಗಿನ ಮುಚ್ಚಿದ ಡಬ್ಬಿಯಲ್ಲಿ) ಒತ್ತಡ ಏರಿಳಿಯುತ್ತದಲ್ಲ, ಅದು ಒಂದು ಸಣ್ಣ ತೂತಿನ ಮೂಲಕ ಬಂದು ಈ ಪೊರೆಯನ್ನು ಬಡಿಯುತ್ತದೆ. ಅದರಿಂದ ಪೆಟ್ರೋಲ್ ಟ್ಯಾಂಕಿನಿಂದ ಮೇಲೆ ಬರುತ್ತದೆ. ಇನ್ನೊಂದು ಮೀಟರಿಂಗ್ ಡಯಾಫ್ರಾಮ್. ಎಂಜಿನ್ನಿಗೆ ಬೇಕಾದಾಗ ಅದು ಒಂದು ಸಣ್ಣ ಲಿವರನ್ನು ಒತ್ತಿ ಸೂಜಿ ವಾಲ್ವ್ ತೆರೆಯುತ್ತದೆ. ಈ ಪೊರೆಗಳು ಸೆಡೆತರೆ ಆಟ ಮುಗಿಯಿತು. ಹೊಸ ಪೊರೆ ಮೆತ್ತಗಿರುತ್ತದೆ, ಬೆರಳಿನಿಂದ ಮುಟ್ಟಿದರೆ ಸದ್ದಿಲ್ಲದೆ ಬಾಗುತ್ತದೆ. ಹಳೆಯದು ಪ್ಲಾಸ್ಟಿಕ್ ಹಾಳೆಯಂತೆ ಚರಚರ ಅನ್ನುತ್ತದೆ.

ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಪ್ಯಾಕಿಂಗ್ ಮೊದಲೋ ಪೊರೆ ಮೊದಲೋ ಅನ್ನುವುದು ಎರಡು ಕಡೆಗೂ ಬೇರೆ ಬೇರೆ ಇರುತ್ತದೆ. ತಟ್ಟೆಯೊಂದರಲ್ಲಿ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ. ಲಿವರಿನ ಕೆಳಗಿನ ಸ್ಪ್ರಿಂಗ್ ಹಾರಿದರೆ ಅಂಗಳದಲ್ಲಿ ಸಿಗುವುದಿಲ್ಲ. ಪಂಪ್ ಕಡೆಯ ಮುಚ್ಚಳ ತೆಗೆದರೆ ಒಳಗೆ ಶರ್ಟಿನ ಗುಂಡಿಗಿಂತ ಚಿಕ್ಕದಾದ ಒಂದು ಜಾಲರಿ ಕಾಣುತ್ತದೆ. ಕಸ ನಿಲ್ಲುವುದು ಅಲ್ಲೇ. ರೇಸ್ ಕೊಟ್ಟ ಕೂಡಲೇ ಸೋಲುವ ಎಷ್ಟೋ ಮಷೀನುಗಳು ಇಷ್ಟು ತೊಳೆದರೆ ಸರಿಹೋಗುತ್ತವೆ.

ತೂತುಗಳಿಗೆಲ್ಲ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಪೊರೆಗಳನ್ನು ಹೊರಗೆ ತೆಗೆದ ಮೇಲೆಯೇ ಹೊಡೆಯಬೇಕು, ಇಲ್ಲದಿದ್ದರೆ ಆ ಸ್ಪ್ರೇ ಅವನ್ನೇ ಕೆಡಿಸುತ್ತದೆ. ಜೆಟ್ಟಿನೊಳಗೆ ತಂತಿ, ಸೂಜಿ ತೂರಿಸಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾದರೆ ಮತ್ತೆ ಯಾವ ಸ್ಕ್ರೂ ತಿರುಗಿಸಿದರೂ ಹದಕ್ಕೆ ಬರುವುದಿಲ್ಲ. ಟಯರ್ ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ, ಆ ಜೋರಿಗೆ ಒಳಗಿನ ಚಿಕ್ಕ ವಾಲ್ವುಗಳು ಏಳುತ್ತವೆ. ಬಾಯಿಂದ ಅಥವಾ ಸೈಕಲ್ ಪಂಪಿನಿಂದ ಊದಿದರೆ ಸಾಕು. ಪೊರೆ, ಪ್ಯಾಕಿಂಗ್, ಸೂಜಿ ಸೇರಿದ ರಿಪೇರಿ ಕಿಟ್ ಕೃಷಿ ಯಂತ್ರದ ಬಿಡಿಭಾಗ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಕಾರ್ಬೊರೇಟರಿನ ಮೇಲೆ ಕೆತ್ತಿದ ನಂಬರ್ ಬರೆದುಕೊಂಡು ಹೋಗಿ.

ಇನ್ನು ಸ್ಕ್ರೂಗಳ ಮಾತು. ಕೆಲವು ಕಾರ್ಬೊರೇಟರಿನಲ್ಲಿ ಸ್ಲೋ ಸ್ಕ್ರೂ ಒಂದೇ ಇರುತ್ತದೆ. ಕೆಲವದರಲ್ಲಿ ಎಲ್ ಮತ್ತು ಎಚ್ ಅಂತ ಇನ್ನೆರಡು. ಎಲ್ ಸ್ಲೋ ಓಟದ ಪೆಟ್ರೋಲಿಗೆ, ಎಚ್ ಪೂರ್ತಿ ರೇಸಿಗೆ. ಮುಟ್ಟುವ ಮೊದಲು ಈಗ ಅದು ಎಷ್ಟು ಸುತ್ತಿನಲ್ಲಿದೆ ಅಂತ ಮೆಲ್ಲಗೆ ಪೂರ್ತಿ ಮುಚ್ಚಿ ಎಣಿಸಿ, ಬರೆದಿಟ್ಟುಕೊಳ್ಳಿ. ಬಿಗಿಯಾಗಿ ತಿರುಚಬೇಡಿ, ತುದಿ ಕೆಡುತ್ತದೆ. ಪುಸ್ತಕ ಇಲ್ಲದಿದ್ದರೆ ಒಂದೂಕಾಲು ಸುತ್ತು ಹೊರಗೆ ತೆಗೆದಲ್ಲಿಂದ ಶುರು ಮಾಡಬಹುದು. ಎಂಜಿನ್ ಬಿಸಿಯಾದ ಮೇಲೆ ಎಲ್ ಸ್ಕ್ರೂವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ರೇಸ್ ಕೊಟ್ಟಾಗ ತಡವರಿಸದೆ ಏಳುವ ಜಾಗಕ್ಕೆ ತನ್ನಿ. ಎಚ್ ಸ್ಕ್ರೂವಿನಲ್ಲಿ ಸದ್ದು ಅತಿ ತೆಳ್ಳಗೆ ಕೂಗುವ ಜಾಗಕ್ಕೆ ಹೋಗಬೇಡಿ. ಮಷೀನು ಆಗ ಬಲ ಬಂದ ಹಾಗೆ ಓಡುತ್ತದೆ, ಆದರೆ ಪೆಟ್ರೋಲ್ ಕಡಿಮೆಯಾದಾಗ ಅದರ ಜೊತೆಗಿನ ಆಯಿಲ್ಲೂ ಕಡಿಮೆ. ಲೋಡ್ ಇಲ್ಲದೆ ಪೂರ್ತಿ ರೇಸಿನಲ್ಲಿ ಸ್ವಲ್ಪ ಬಡಬಡ ಅನ್ನುತ್ತಿರಲಿ. ಹುಲ್ಲಿಗೆ ಇಟ್ಟಾಗ ಸದ್ದು ಸರಿಯಾಗುತ್ತದೆ.

ಕಾರ್ಬೊರೇಟರ್ ಸರಿ ಇದ್ದರೂ ತೊಂದರೆ ಹೋಗದಿದ್ದರೆ ಗಾಳಿ ಸೋರಿಕೆ

ರೇಸ್ ಬಿಟ್ಟ ಮೇಲೂ ಮಷೀನು ಕೆಳಗೆ ಇಳಿಯದೆ ಕೂಗುತ್ತಾ ಇದ್ದು, ಆಮೇಲೆ ಬಂದ್ ಬೀಳುತ್ತದೆಯೇ? ಒಂದು ದಿನ ಸ್ಲೋ ಸರಿ, ಮರುದಿನ ಇಲ್ಲವೇ? ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವೆ ಇರುವ ಕಪ್ಪು ಪ್ಲಾಸ್ಟಿಕ್ ತುಂಡು ಮತ್ತು ಅದರ ಎರಡು ಪಕ್ಕದ ಪ್ಯಾಕಿಂಗ್ ನೋಡಿ. ನಡುಕಕ್ಕೆ ಅದರ ಬೋಲ್ಟ್ ಸಡಿಲಾಗುವುದು ಸಾಮಾನ್ಯ. ಸ್ಲೋದಲ್ಲಿ ಓಡುವಾಗ ಆ ಜಾಯಿಂಟಿಗೆ ಸೋಪಿನ ನೀರು ಸ್ವಲ್ಪ ಸಿಂಪಡಿಸಿ. ಸದ್ದು ಬದಲಾದರೆ ಸೋರಿಕೆ ಅಲ್ಲೇ. ಪೆಟ್ರೋಲ್ ಸಿಂಪಡಿಸಿ ನೋಡುವ ಅಭ್ಯಾಸ ಕೆಲವರಿಗಿದೆ, ಅದು ಬೆಂಕಿಯ ಜೊತೆ ಆಟ.

ಹೊಸ ಪ್ಯಾಕಿಂಗ್ ಹಾಕುವಾಗ ಒಂದು ಎಚ್ಚರಿಕೆ. ಮೇಲೆ ಹೇಳಿದ ಒತ್ತಡದ ಸಣ್ಣ ತೂತು ಈ ಪ್ಯಾಕಿಂಗ್ ಮೂಲಕವೇ ಹೋಗುತ್ತದೆ. ಪ್ಯಾಕಿಂಗ್ ತಿರುಗಿಸಿ ಹಾಕಿದರೆ ಆ ತೂತು ಮುಚ್ಚುತ್ತದೆ. ಆಗ ಪಂಪ್ ಕೆಲಸ ಮಾಡುವುದಿಲ್ಲ. ಬಲ್ಬ್ ಒತ್ತಿ ತುಂಬಿದಷ್ಟು ಪೆಟ್ರೋಲ್ ಮುಗಿಯುವ ತನಕ ಓಡಿ ನಿಲ್ಲುತ್ತದೆ. ಹೊಸ ಕಾರ್ಬೊರೇಟರ್ ಹಾಕಿದ ಮೇಲೂ ಅದೇ ರೋಗ ಇದ್ದರೆ ಇದನ್ನೇ ಮೊದಲು ಅನುಮಾನಿಸಿ.

ರೇಸ್ ಏಳುವುದಿಲ್ಲ, ಹುಲ್ಲಿಗೆ ಇಟ್ಟರೆ ಬಂದ್

ಏರ್ ಫಿಲ್ಟರ್ ತೆಗೆದು ನೋಡಿ. ತೊಗರಿ, ಜೋಳದ ರಾಶಿ ಮಾಡುವ ಹೊತ್ತಿನಲ್ಲಿ ಹೊಟ್ಟು ಹಾರುತ್ತಿರುತ್ತದೆ, ಎರೆಮಣ್ಣಿನ ಧೂಳಂತೂ ಬೇಸಿಗೆ ಪೂರ್ತಿ. ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎರಡು ಹನಿ ಆಯಿಲ್ ಹಾಕಿ ಹಿಂಡಿ ಹಾಕಿ. ಫಿಲ್ಟರ್ ಇಲ್ಲದೆ ಓಡಿಸಿದರೆ ಒಂದೇ ಹಂಗಾಮಿನಲ್ಲಿ ರಿಂಗ್ ಸವೆಯುತ್ತದೆ.

ಫಿಲ್ಟರ್ ಸರಿ ಇದ್ದರೆ ಸೈಲೆನ್ಸರ್. ಕೆಲವು ಮಷೀನುಗಳ ಸೈಲೆನ್ಸರ್ ಬಾಯಲ್ಲಿ ಕಿಡಿ ಹೊರಗೆ ಹಾರದಿರಲಿ ಅಂತ ಸಣ್ಣ ಜಾಲರಿ ಇರುತ್ತದೆ. ಅದು ಕಾರ್ಬನ್ನಿನಿಂದ ಮುಚ್ಚಿದರೆ ಹೊಗೆ ಹೊರಗೆ ಹೋಗದೆ ಎಂಜಿನ್ ಉಸಿರುಗಟ್ಟುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕಿ. ಒಣ ರವದಿ ಬಿದ್ದ ಕಬ್ಬಿನ ಹೊಲದಲ್ಲಿ ಆ ಜಾಲರಿ ಇಲ್ಲದೆ ಕೆಲಸ ಮಾಡುವುದು ಅಪಾಯ.

ಸೈಲೆನ್ಸರ್ ಬಿಚ್ಚಿದಾಗ ಸಿಲಿಂಡರಿನ ತೂತೊಳಗೂ ನೋಡಿ. ಅಲ್ಲಿ ಕಾರ್ಬನ್ ಕಟ್ಟಿದ್ದರೆ, ಹಗ್ಗ ಮೆಲ್ಲಗೆ ಎಳೆದು ಪಿಸ್ಟನ್ನನ್ನು ಪೂರ್ತಿ ಮೇಲೆ ತನ್ನಿ. ಆಗ ಪಿಸ್ಟನ್ ಆ ತೂತನ್ನು ಮುಚ್ಚಿರುತ್ತದೆ, ಕೆರೆದ ಕಾರ್ಬನ್ ಒಳಗೆ ಬೀಳುವುದಿಲ್ಲ. ಕಟ್ಟಿಗೆಯ ಚೂಪು ತುಂಡಿನಿಂದ ಕೆರೆಯಿರಿ, ಸ್ಕ್ರೂಡ್ರೈವರ್ ಬೇಡ. ಟಾರ್ಚ್ ಹಿಡಿದು ಪಿಸ್ಟನ್ ಮೈಯನ್ನೂ ನೋಡಿಬಿಡಿ. ನುಣುಪಾಗಿದ್ದರೆ ಸಂತೋಷ. ಮೇಲಿಂದ ಕೆಳಗೆ ಉದ್ದುದ್ದ ಗೀರುಗಳಿದ್ದರೆ ಎಂಜಿನ್ ಒಮ್ಮೆ ಹಿಡಿದಿದೆ. ಕಾರ್ಬೊರೇಟರಿಗೆ ಎಷ್ಟು ಖರ್ಚು ಮಾಡಿದರೂ ಆ ಗೀರು ಹೋಗುವುದಿಲ್ಲ. ಇದನ್ನು ಮೊದಲೇ ನೋಡಿದರೆ ಎಷ್ಟೋ ಹಣ ಉಳಿಯುತ್ತದೆ.

ಎಂಜಿನ್ನಿನ ತಪ್ಪೇ ಇಲ್ಲದ ಕೇಸುಗಳೂ ಇವೆ. ಕರಿಕೆ ಮತ್ತು ಬಳ್ಳಿ ಮಷೀನಿನ ತಿರುಗುವ ತಲೆಗೆ ಸುತ್ತಿಕೊಂಡು ತಿರುಗದಂತಾಗಿರುತ್ತದೆ. ನೈಲಾನ್ ದಾರವನ್ನು ಅಳತೆ ಮೀರಿ ಉದ್ದ ಬಿಟ್ಟು, ಅದನ್ನು ಕತ್ತರಿಸುವ ಗಾರ್ಡನ್ನೇ ತೆಗೆದಿರುತ್ತಾರೆ. ದಾರ ಉದ್ದವಾದಷ್ಟೂ ಎಂಜಿನ್ ಮೇಲೆ ಭಾರ. ದಾರದ ಬದಲು ಬ್ರೇಕ್ ತಂತಿ ಕಟ್ಟುವವರಿಗೆ ಕೈಮುಗಿದು ಹೇಳುತ್ತೇನೆ, ಬಿಡಿ. ಅದು ತುಂಡಾಗಿ ಹಾರಿದರೆ ಕಾಲಿನ ಮಾಂಸ ಹೊಕ್ಕುತ್ತದೆ. ದ್ರಾಕ್ಷಿ ತೋಟದಲ್ಲಾದರೆ ಡ್ರಿಪ್ ಪೈಪೂ ಉಳಿಯುವುದಿಲ್ಲ.

ಬಿಸಿಯಾದ ಮೇಲೆ ಒಮ್ಮೆಗೇ ಬಂದ್

ಮುಚ್ಚಳ ಸಡಿಲಿಸಿ ನೋಡಿದ್ದೀರಿ, ಅದಲ್ಲ. ಇಪ್ಪತ್ತು ನಿಮಿಷ ಓಡಿ ಟಕ್ ಅಂತ ನಿಲ್ಲುತ್ತದೆ, ಅರ್ಧ ಗಂಟೆ ಆರಿದ ಮೇಲೆ ಚಾಲೂ. ವಿಜಯಪುರ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಇದು ಜಾಸ್ತಿ. ಕಿಡಿಯನ್ನು ಎಂಜಿನ್ ಬಿಸಿ ಇರುವಾಗಲೇ ನೋಡಬೇಕು, ಆರಿದ ಮೇಲೆ ನೋಡಿದರೆ ಎಲ್ಲ ಸರಿಯೇ ಕಾಣುತ್ತದೆ. ಇನ್ನೊಂದು ಒಳ್ಳೆಯ ಪ್ಲಗ್ ಜೇಬಿನಲ್ಲಿರಲಿ. ನಿಂತ ತಕ್ಷಣ ಅದನ್ನು ಕ್ಯಾಪಿಗೆ ಸಿಕ್ಕಿಸಿ, ಸಿಲಿಂಡರಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆಯಿರಿ. ಹಳೇ ಪ್ಲಗ್ಗನ್ನು ಸಿಲಿಂಡರಿನಿಂದ ಬಿಚ್ಚಬೇಡಿ, ಪೆಟ್ರೋಲ್ ಆವಿ ಹೊರಗೆ ಬರುವುದಿಲ್ಲ. ನೀಲಿ ಕಿಡಿ ಬಂದರೆ ಹಳೇ ಪ್ಲಗ್ ಹಾಳು, ಇಲ್ಲವೇ ದೋಷ ಪೆಟ್ರೋಲ್ ಕಡೆ.

ಕಿಡಿ ಇಲ್ಲದಿದ್ದರೆ ಕಾಯಿಲ್ ತರಲು ಓಡುವ ಮೊದಲು ಸ್ವಿಚ್ಚಿನ ವೈರ್ ನೋಡಿ. ಈ ಎಂಜಿನ್ ಬಂದ್ ಆಗುವುದೇ ಕಾಯಿಲಿನ ಕರೆಂಟನ್ನು ಎಂಜಿನ್ನಿನ ಲೋಹಕ್ಕೆ ಮುಟ್ಟಿಸಿದಾಗ. ಆ ವೈರ್ ಹಿಡಿಕೆಯಿಂದ ಎಂಜಿನ್ ತನಕ ಎಕ್ಸಿಲರೇಟರ್ ಕೇಬಲ್ ಜೊತೆ ಬರುತ್ತದೆ. ನಡುಕಕ್ಕೆ ಅದರ ಮೇಲಿನ ಹೊದಿಕೆ ಸವೆದು ಲೋಹಕ್ಕೆ ತಾಗಿದರೆ ಯಾರೂ ಸ್ವಿಚ್ ಮುಟ್ಟದೆ ಎಂಜಿನ್ ಬಂದ್. ಎಂಜಿನ್ ಹತ್ತಿರದ ಕನೆಕ್ಟರ್ ಬಿಡಿಸಿ ಓಡಿಸಿ ನೋಡಿ. ಈಗ ನಿಲ್ಲದೆ ಓಡಿದರೆ ದೋಷ ವೈರಿನಲ್ಲೋ ಸ್ವಿಚ್ಚಿನಲ್ಲೋ ಇದೆ, ಹತ್ತು ರೂಪಾಯಿಯ ಟೇಪಿನಿಂದ ಮುಗಿಯುವ ಕೆಲಸ. ಪರೀಕ್ಷೆ ಹೊತ್ತಿನಲ್ಲಿ ಸ್ವಿಚ್ ಕೆಲಸ ಮಾಡುವುದಿಲ್ಲ, ಚೋಕ್ ಹಾಕಿ ಬಂದ್ ಮಾಡಿ. ಸ್ವಿಚ್ ಇಲ್ಲದೆ ಹೊಲಕ್ಕೆ ಒಯ್ಯಬೇಡಿ.

ವೈರ್ ಬಿಡಿಸಿದರೂ ಬಿಸಿಯಲ್ಲಿ ಕಿಡಿ ಬರದಿದ್ದರೆ ಆಗ ಕಾಯಿಲ್. ಹೊಸದು ಕೂರಿಸುವಾಗ ಮ್ಯಾಗ್ನೆಟ್ಟಿಗೂ ಕಾಯಿಲಿಗೂ ನಡುವೆ ಸುಮಾರು 0.3 ಮಿ.ಮೀ. ಜಾಗ ಬಿಡಬೇಕು. ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಬೋಲ್ಟ್ ಬಿಗಿದು, ಕಾರ್ಡ್ ಎಳೆದುಕೊಳ್ಳಿ. ಸಿಲಿಂಡರಿನ ರೆಕ್ಕೆಗಳ ನಡುವೆ, ಫ್ಯಾನ್ ಕವರಿನ ಒಳಗೆ ಕೂತ ಹುಲ್ಲನ್ನೂ ಆಗಲೇ ತೆಗೆಯಿರಿ. ಗಾಳಿ ಆಡದ ಎಂಜಿನ್ನಿನಲ್ಲಿ ಹೊಸ ಕಾಯಿಲ್ಲೂ ಬಾಳುವುದಿಲ್ಲ.

ಇಷ್ಟೆಲ್ಲ ಸರಿ ಇದ್ದೂ ಓಡದಿದ್ದರೆ

ಉಳಿದದ್ದು ಕಂಪ್ರೆಷನ್ ಮತ್ತು ಆಯಿಲ್ ಸೀಲ್. ಪ್ಲಗ್ ಹಾಕಿದ ಮಷೀನನ್ನು ಹಗ್ಗದಿಂದ ಎತ್ತಿ ನೇತುಹಾಕಿದರೆ ಅದು ತಡೆತಡೆದು ಕೆಳಗೆ ಇಳಿಯಬೇಕು. ಸಲೀಸಾಗಿ ಇಳಿದುಬಿಟ್ಟರೆ ಕಂಪ್ರೆಷನ್ ಇಲ್ಲ. ಗ್ಯಾರೇಜಿನ ಗೇಜಿನಲ್ಲಿ 90 ಪಿಎಸ್‌ಐಗಿಂತ ಕೆಳಗಿದ್ದರೆ ರಿಂಗ್ ಅಥವಾ ಪಿಸ್ಟನ್ ಸವೆದಿದೆ. ತಣ್ಣಗಿರುವಾಗ ಸರಿ ಓಡಿ ಬಿಸಿಯಾದಾಗ ಸೋಲುವುದು ಇದರ ಗುರುತು.

ಕ್ರ್ಯಾಂಕ್‌ನ ಎರಡು ತುದಿಯ ಆಯಿಲ್ ಸೀಲ್ ಹೋಗಿದ್ದರೆ ಅಲ್ಲಿಂದಲೂ ಗಾಳಿ ಎಳೆಯುತ್ತದೆ. ಕ್ಲಚ್ ಕಡೆ, ಮ್ಯಾಗ್ನೆಟ್ ಕಡೆ ಒದ್ದೆಯಾಗಿ ಆಯಿಲ್ ಮಣ್ಣು ಕಟ್ಟಿದ್ದರೆ ಅನುಮಾನ ಪಡಿ. ಇದಕ್ಕೆ ಪುಲ್ಲರ್ ಬೇಕು, ಕ್ರ್ಯಾಂಕ್ ಕೇಸಿಗೆ ಒತ್ತಡ ಕೊಟ್ಟು ನೋಡುವ ಪಂಪ್ ಬೇಕು. ಮನೆಯಲ್ಲಿ ಸುತ್ತಿಗೆ ಹಿಡಿದು ಮಾಡುವ ಕೆಲಸವಲ್ಲ. ಮಿಸ್ತ್ರಿ ಹತ್ತಿರ ಒಯ್ಯುವಾಗ "ನಡೆಯುತ್ತಿಲ್ಲ" ಅಂತ ಸುಮ್ನೆ ಇಟ್ಟು ಬರಬೇಡಿ. ಎಷ್ಟು ಹೊತ್ತು ಓಡಿತು, ಸದ್ದು ಹೇಗೆ ನಿಂತಿತು, ಪ್ಲಗ್ ಒಣಗಿತ್ತೋ ಹಸಿಯಿತ್ತೋ, ಏನೇನು ಬದಲಿಸಿದ್ದೀರಿ ಅಂತ ಚೀಟಿಯಲ್ಲಿ ಬರೆದು ಹಿಡಿಕೆಗೆ ಕಟ್ಟಿ ಕೊಡಿ. ಬದಲಿಸಿದ ಹಳೇ ಭಾಗಗಳನ್ನು ವಾಪಸ್ ಕೇಳಿ ಪಡೆಯಿರಿ. ಸೀಲು, ಪಿಸ್ಟನ್, ಸಿಲಿಂಡರ್ ಮೂರೂ ಹೋಗಿದ್ದರೆ ರಿಪೇರಿಯ ಲೆಕ್ಕವನ್ನೂ ಹೊಸ ಎಂಜಿನ್ನಿನ ಬೆಲೆಯನ್ನೂ ಪಕ್ಕಪಕ್ಕ ಕೇಳಿ. 43, 52 ಸಿಸಿ ಮಷೀನುಗಳಿಗೆ ಎಂಜಿನ್ ಮಾತ್ರ ಬಿಡಿಯಾಗಿ ಸಿಗುತ್ತದೆ, ಹಳೇ ದಂಡ, ಹಿಡಿಕೆ, ಗೇರ್ ಹೆಡ್ ಹಾಗೇ ಇಟ್ಟುಕೊಂಡು ಅದನ್ನು ಜೋಡಿಸಬಹುದು. ಕೊಳ್ಳುವ ಮೊದಲು ಕ್ಲಚ್ ಡ್ರಮ್ಮಿನ ಅಳತೆ ಮತ್ತು ದಂಡದ ದಪ್ಪ ಹೊಂದುತ್ತದೆಯೇ ಅಂತ ಹಳೇ ಎಂಜಿನ್ ಪಕ್ಕದಲ್ಲಿಟ್ಟು ನೋಡಿ.